ಹೊಳೆ ದಂಡೆಯ ಬಾಗಲಕೋಟೆ: ನೀವು ಕೇಳಿದ್ದು, ನಾವು ಹೇಳಿದ್ದು

ಈ ಸಲ ಬಾಗಲಕೋಟೆ ಬಗ್ಗೆ ಪ್ರಶ್ನೆಗಳು ಜಾಸ್ತಿ ಬಂದಿವೆ. ಬೇರೆ ಊರಿನ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಅಂಕಣವನ್ನು ಪೂರ್ತಿ ಇದೇ ಊರಿಗೆ ಬಿಟ್ಟಿದ್ದೇನೆ. ನಾನೂ ಇದೇ ಸೀಮೆಯವನು. ಉತ್ತರ ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

*

ಪ್ರಶ್ನೆ: ಸರ್, ನನಗೆ ಬಾಗಲಕೋಟೆಯಲ್ಲಿ ಕೆಲಸ ಸಿಕ್ಕಿದೆ. ಹಳೇ ಊರು ಡ್ಯಾಂ ನೀರಿನಲ್ಲಿ ಮುಳುಗಿ ಹೋಗಿದೆ, ಈಗ ಇರೋದು ಹೊಸ ಊರು ಮಾತ್ರ ಅಂತ ಗೆಳೆಯರು ಹೇಳ್ತಾರೆ. ನಿಜವಾ? ಮನೆ ಎಲ್ಲಿ ನೋಡಲಿ?
(ದಾವಣಗೆರೆಯ ಯುವಕರೊಬ್ಬರು)

ಉತ್ತರ: ಪೂರ್ತಿ ನಿಜ ಅಲ್ಲ ತಮ್ಮಾ. ಮುಳುಗಿದ್ದು ಊರಿನ ಒಂದು ಭಾಗ, ಹೊಳೆ ಕಡೆಗಿನ ತಗ್ಗಿನ ಭಾಗ. ಉಳಿದ ಹಳೇ ಊರು ಇವತ್ತಿಗೂ ಇದೆ. ಅಲ್ಲಿ ಅಂಗಡಿ ತೆರೆಯುತ್ತವೆ, ಮದುವೆ ಬಟ್ಟೆ ಖರೀದಿ ನಡೆಯುತ್ತದೆ, ಬಂಗಾರದ ಅಂಗಡಿ ಮುಂದೆ ಹಳ್ಳಿಯಿಂದ ಬಂದವರು ಕೂತಿರುತ್ತಾರೆ. ವಲ್ಲಭಭಾಯಿ ಚೌಕದಲ್ಲಿ ಸಂಜೆ ಹೊತ್ತು ನಿಂತು ನೋಡಿ, ಮುಳುಗಿದ ಊರು ಅಂತ ಯಾರೂ ಹೇಳಲಾರರು.

ಆದದ್ದು ಏನಂದರೆ, ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದರು. ಘಟಪ್ರಭೆ ಬಾಗಲಕೋಟೆ ದಾಟಿ ಮುಂದೆ ಚಿಕ್ಕಸಂಗಮದ ಹತ್ತಿರ ಕೃಷ್ಣೆಗೆ ಸೇರುತ್ತದೆ. ಅಣೆಕಟ್ಟಿನಲ್ಲಿ ನೀರು ನಿಂತರೆ ಅದು ಕೃಷ್ಣೆಯ ಪಾತ್ರದಲ್ಲಷ್ಟೇ ನಿಲ್ಲೋದಿಲ್ಲ, ಘಟಪ್ರಭೆಯೊಳಗೂ ಹಿಂದಕ್ಕೆ ತಳ್ಳಿಕೊಂಡು ಬರುತ್ತದೆ. ಅದನ್ನೇ ನಾವು ಹಿನ್ನೀರು ಅನ್ನೋದು. ಆ ಹಿನ್ನೀರು ಬಾಗಲಕೋಟೆಯ ದಂಡೆ ಹತ್ತಿ ಓಣಿಗಳಿಗೆ ಬಂತು. ಹಾಗಾಗಿ ಮುಳುಗಡೆ ಆಗುವ ಮನೆಗಳವರಿಗೆ ಎತ್ತರದ ಜಾಗದಲ್ಲಿ ನವನಗರ ಕಟ್ಟಿದರು. ಅಗಲ ರಸ್ತೆ, ಸೆಕ್ಟರ್ ನಂಬರು, ಅಳತೆ ಹಾಕಿದ ಸೈಟು. ಜಿಲ್ಲಾಡಳಿತ ಭವನವೂ ಅಲ್ಲೇ ಇದೆ. ನಡುವೆ ವಿದ್ಯಾಗಿರಿ, ಕಾಲೇಜುಗಳ ಬಡಾವಣೆ. ಹೀಗಾಗಿ ಬಾಗಲಕೋಟೆ ಅಂದರೆ ಈಗ ಮೂರು ತುಂಡು: ಹಳೇ ಊರು, ವಿದ್ಯಾಗಿರಿ, ನವನಗರ. ಆಟೋದವರಿಗೆ ಬರೀ 'ಬಾಗಲಕೋಟೆ' ಅಂದರೆ ಸಾಲದು, ಯಾವ ಬಾಗಲಕೋಟೆ ಅಂತ ಕೇಳುತ್ತಾರೆ.

ಮಳೆಗಾಲದಲ್ಲಿ ನೀರು ಏರುತ್ತದೆ, ಚಳಿಗಾಲದವರೆಗೂ ನಿಂತಿರುತ್ತದೆ, ಬೇಸಿಗೆ ಬಂದಂತೆ ಇಳಿಯುತ್ತಾ ಹೋಗುತ್ತದೆ. ಇಳಿದಾಗ ಒಮ್ಮೆ ದಂಡೆ ಕಡೆ ಹೋಗಿ ನೋಡಿ. ಕಲ್ಲಿನ ಕಟ್ಟೆ, ಮನೆಯ ಮೆಟ್ಟಿಲು, ಪಡಸಾಲೆಯ ಹಾಸುಗಲ್ಲು ಮಣ್ಣಿನಿಂದ ಮೇಲೆ ಬಂದಿರುತ್ತವೆ. ಗೋಡೆ ಇರೋದಿಲ್ಲ. ಮೆಟ್ಟಿಲು ಮಾತ್ರ ಇರುತ್ತದೆ, ಅದನ್ನು ಹತ್ತಿದರೆ ಸೇರುವ ಮನೆ ಇಲ್ಲ. ಮೆಕ್ಕಲು ಮಣ್ಣು ಬಿದ್ದ ಕಡೆ ರೈತರು ಸಿಕ್ಕಷ್ಟು ದಿನಕ್ಕೆ ಬೆಳೆ ತೆಗೆಯುತ್ತಾರೆ.

ಮನೆ ವಿಚಾರ: ನಿಮ್ಮ ಆಫೀಸು ನವನಗರದಲ್ಲಿದ್ದರೆ ಅಲ್ಲೇ ಹಿಡಿಯಿರಿ, ನೀರು ಗಾಳಿ ಚೆನ್ನಾಗಿದೆ. ಆದರೆ ವಾರಕ್ಕೊಮ್ಮೆಯಾದರೂ ಹಳೇ ಊರಿಗೆ ಸಂತೆಗೆ ಹೋಗಿ. ಅಲ್ಲಿ ಹೋಗದೆ ಬಾಗಲಕೋಟೆಯಲ್ಲಿ ಇದ್ದೆ ಅಂತ ಹೇಳಿಕೊಳ್ಳಲಿಕ್ಕೆ ಆಗೋದಿಲ್ಲ.

*

ಪ್ರಶ್ನೆ: ಬಾಗಲಕೋಟೆ ಕೃಷ್ಣಾ ನದಿ ಮೇಲಿದೆಯೋ ಘಟಪ್ರಭಾ ಮೇಲಿದೆಯೋ? ಮಕ್ಕಳ ಜೊತೆ ವಾದ ಆಗಿದೆ.
(ಹುಬ್ಬಳ್ಳಿಯ ಓದುಗರು)

ಉತ್ತರ: ಘಟಪ್ರಭಾ. ಸಹ್ಯಾದ್ರಿಯಲ್ಲಿ ಹುಟ್ಟಿ, ಹಿಡಕಲ್‌ನಲ್ಲಿ ಅಣೆಕಟ್ಟು ದಾಟಿ, ಗೋಕಾಕ್‌ನಲ್ಲಿ 52 ಮೀಟರ್ ಎತ್ತರದಿಂದ ಧುಮುಕಿ, ಮುಧೋಳ, ಕಲಾದಗಿ ಮೇಲೆ ಹಾದು ಬಾಗಲಕೋಟೆಗೆ ಬರುತ್ತದೆ. ಮಕ್ಕಳು ಕೃಷ್ಣಾ ಅಂದಿದ್ದರೆ ಅವರದ್ದೂ ಪೂರ್ತಿ ತಪ್ಪಲ್ಲ. ಮಳೆಗಾಲದ ನಂತರ ಊರ ಮುಂದೆ ನಿಂತಿರುವ ನೀರು ಆಲಮಟ್ಟಿಯದ್ದೇ ಅಲ್ವಾ?

*

ಪ್ರಶ್ನೆ: ಬಾಗಲಕೋಟೆಗೆ ಹೇಳಿಕೊಳ್ಳುವಂಥ ಇತಿಹಾಸ ಇದೆಯೇ? ನಮ್ಮ ಊರಲ್ಲಿ ಗೋಳಗುಮ್ಮಟ ಇದೆ, ಬಾದಾಮಿಯಲ್ಲಿ ಗುಹೆ ಇವೆ, ಬಾಗಲಕೋಟೆಯಲ್ಲಿ ಏನಿದೆ?
(ವಿಜಯಪುರದ ನಿವೃತ್ತ ನೌಕರರು)

ಉತ್ತರ: ಹಿರಿಯರೇ, ಕಣ್ಣಿಗೆ ಕಾಣುವ ದೊಡ್ಡ ಕಟ್ಟಡ ಇಲ್ಲ ಅನ್ನುವುದು ನಿಜ. ಬಾಗಲಕೋಟೆ ರಾಜರ ಊರಾಗಿ ಬೆಳೆಯಲಿಲ್ಲ, ವ್ಯಾಪಾರದ ಊರಾಗಿ ಬೆಳೆಯಿತು. ವ್ಯಾಪಾರದ ಊರಿನ ಇತಿಹಾಸ ಗುಮ್ಮಟದಲ್ಲಿ ಸಿಗೋದಿಲ್ಲ, ಪೇಟೆಯಲ್ಲಿ ಸಿಗುತ್ತದೆ.

ಹಳೆಯ ಶಾಸನಗಳಲ್ಲಿ ಈ ಊರಿನ ಹೆಸರು ಬಾಗಡಗೆ. ರಾವಣ ತನ್ನ ಭಜಂತ್ರಿಗಳಿಗೆ ಇದನ್ನು ಬಳುವಳಿಯಾಗಿ ಕೊಟ್ಟ ಅನ್ನುವ ಕಥೆ ಊರಲ್ಲಿ ಹಿಂದಿನಿಂದ ಇದೆ. ಕಥೆ ಕಥೆಯೇ, ಆದರೆ ಹೋಳಿಗೆ ಬಾರಿಸುವ ಚರ್ಮವಾದ್ಯ ಹಲಗೆಯ ಸದ್ದಿಗೆ ಹೆಸರಾದ ಊರಿಗೆ ವಾದ್ಯದವರ ಕಥೆಯೇ ಅಂಟಿಕೊಂಡಿರುವುದು ನನಗೆ ಇಷ್ಟ. ಚಾಲುಕ್ಯರ ಸೀಮೆ ಇದು, ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಲ್ಲ ಹತ್ತಿರದಲ್ಲೇ ಇವೆ. ಆಮೇಲೆ ನಿಮ್ಮ ವಿಜಯಪುರದ ಆದಿಲ್‌ಶಾಹಿಗಳು, ಸವಣೂರಿನ ನವಾಬರು, ಪೇಶ್ವೆಗಳು, ನಡುವೆ ಹೈದರಾಲಿ. ಊರು ಕೈ ಬದಲಾಗುತ್ತಲೇ ಹೋಯಿತು. 1818ರಲ್ಲಿ ಮನ್ರೋ ಸಾಹೇಬನ ಪಡೆ ಬಂದು ಬ್ರಿಟಿಷರ ವಶ ಆಯಿತು.

ನೀವು ಕೇಳಿದ 'ಏನಿದೆ' ಅನ್ನುವುದಕ್ಕೆ ನನ್ನ ಉತ್ತರ: ನಾಣ್ಯ. ಮರಾಠರ ಕಾಲದಲ್ಲಿ ಇಲ್ಲಿ ರಾಸ್ತೆ ಮನೆತನದವರ ಆಡಳಿತ ಇತ್ತು, ಇಲ್ಲೇ ಒಂದು ಟಂಕಸಾಲೆಯೂ ಇತ್ತು. ಇಲ್ಲಿ ಅಚ್ಚಾದ ರೂಪಾಯಿಗೆ ಮಲ್ಹಾರಶಾಹಿ ಅಂತ ಹೆಸರು, ಮಲ್ಹಾರರಾವ್ ರಾಸ್ತೆ ಹೆಸರಿನಿಂದ ಬಂದದ್ದು. ನಾಣ್ಯ ಸಂಗ್ರಹಿಸುವವರ ಬಳಿ ಇವತ್ತಿಗೂ ಸಿಗುತ್ತದೆ. ಯಾರೂ ಸುಮ್ನೆ ಹಳ್ಳಿಯಲ್ಲಿ ಟಂಕಸಾಲೆ ಇಡೋದಿಲ್ಲ. ಹತ್ತಿ, ಕಾಳು, ಸೀರೆ, ಖಣ ಕೊಂಡು ಮಾರುವ ಜನ ಇಲ್ಲಿ ತುಂಬಿದ್ದರು, ಅವರಿಗೆ ರೊಕ್ಕ ಬೇಕಿತ್ತು. ಒಂದು ಕಡೆ ಇಳಕಲ್, ಇನ್ನೊಂದು ಕಡೆ ಗುಳೇದಗುಡ್ಡ. ನೇಕಾರರ ಮಾಲಿಗೆ ಬಾಗಲಕೋಟೆ ಪೇಟೆಯೇ ಹತ್ತಿರದ ದೊಡ್ಡ ಪೇಟೆ.

ಇನ್ನೊಂದು ವಿಷಯ. ಬ್ರಿಟಿಷರು ಜಿಲ್ಲೆಯ ಕೇಂದ್ರ ಮಾಡಿಕೊಂಡಿದ್ದು ಬಾಗಲಕೋಟೆಯನ್ನೂ ಅಲ್ಲ, ನಿಮ್ಮೂರನ್ನೂ ಅಲ್ಲ. ಇದೇ ಘಟಪ್ರಭೆ ದಂಡೆಯ ಕಲಾದಗಿಯನ್ನು. 1885ರಲ್ಲಿ ಕೇಂದ್ರ ವಿಜಯಪುರಕ್ಕೆ ಹೋಯಿತು, ಕಲಾದಗಿ ಸಣ್ಣ ಊರಾಗಿ ಉಳಿಯಿತು. ಬಾಗಲಕೋಟೆ ಹಾಗೆ ಆಗಲಿಲ್ಲ, ಯಾಕಂದರೆ ಅದು ಯಾವ ಕಚೇರಿಯನ್ನೂ ನೆಚ್ಚಿಕೊಂಡಿರಲಿಲ್ಲ. 1906ರಲ್ಲೇ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು, ಊರಿಗೆ ಶಾಲೆ ಕಾಲೇಜು ಬಂತು. ಜಿಲ್ಲೆ ಆಗಿದ್ದು ಅದಾದ ಎಷ್ಟೋ ವರ್ಷಕ್ಕೆ, 1997ರಲ್ಲಿ.

*

ಪ್ರಶ್ನೆ: ನಮ್ಮ ಅಮ್ಮ ಬಾಗಲಕೋಟೆಯವರು. ಬೆಂಗಳೂರಲ್ಲಿ ಹೋಳಿ ಬಂದಾಗಲೆಲ್ಲ 'ಇದೇನು ಹೋಳಿ' ಅಂತ ಮುಖ ತಿರುಗಿಸ್ತಾರೆ. ಅಲ್ಲಿನ ಹೋಳಿಯಲ್ಲಿ ಅಂಥದ್ದೇನಿದೆ? ಈಗಲೂ ಹಾಗೇ ನಡೆಯುತ್ತಾ?
(ಬೆಂಗಳೂರಿನ ಓದುಗರು)

ಉತ್ತರ: ನಿಮ್ಮ ಅಮ್ಮನಿಗೆ ಮೊದಲು ನನ್ನ ನಮಸ್ಕಾರ ತಿಳಿಸಮ್ಮಾ. ಅವರು ಮುಖ ತಿರುಗಿಸೋದರಲ್ಲಿ ನ್ಯಾಯ ಇದೆ.

ಹಳೇ ಬಾಗಲಕೋಟೆ ಪೇಟೆ ಪೇಟೆಯಾಗಿ ಹರಡಿಕೊಂಡ ಊರು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಹೋಳಿಗೆ ಇವು ಬರೀ ವಿಳಾಸ ಅಲ್ಲ, ಒಂದೊಂದೂ ಒಂದೊಂದು ಪಡೆ. ಪ್ರತಿ ಪೇಟೆಗೂ ತನ್ನದೇ ಹಲಗೆ ಮೇಳ, ತನ್ನದೇ ನಿಶಾನೆ, ತನ್ನದೇ ಬಣ್ಣದ ಬಂಡಿ. ಬಂಡಿ ಮೇಲೆ ಬ್ಯಾರಲ್‌ಗಟ್ಟಲೆ ಬಣ್ಣದ ನೀರು ತುಂಬಿಕೊಂಡು ಹುಡುಗರು ಪೇಟೆ ಸುತ್ತುತ್ತಾರೆ, ಮಾಳಿಗೆ ಮೇಲೆ ನಿಂತವರು ಕೊಡಗಟ್ಟಲೆ ಸುರಿಯುತ್ತಾರೆ, ಕೆಳಗಿನವರು ಮೇಲಕ್ಕೆ ಎರಚುತ್ತಾರೆ. ಇದು ಒಂದು ದಿನದ ಆಟ ಅಲ್ಲ, ದಿನಗಟ್ಟಲೆ ನಡೆಯುತ್ತದೆ. ವೇಷ ಹಾಕಿಕೊಂಡವರ ಸೋಗಿನ ಬಂಡಿಗಳು ಬೇರೆ. ಕೋಲ್ಕತ್ತಾ ಬಿಟ್ಟರೆ ನಮ್ಮದೇ ಹೋಳಿ ಅಂತ ಊರವರು ಎದೆ ತಟ್ಟಿ ಹೇಳುತ್ತಾರೆ. ಮೊದಲೆಲ್ಲ ಎತ್ತಿನ ಬಂಡಿ, ಈಗ ಟ್ರ್ಯಾಕ್ಟರ್. ಬ್ಯಾರಲ್ ಮಾತ್ರ ಹಾಗೇ ಇವೆ.

ಆದರೆ ಬಣ್ಣಕ್ಕಿಂತ ಹಲಗೆಯೇ ದೊಡ್ಡದು. ಹುಣ್ಣಿಮೆಗೆ ಇನ್ನೂ ದಿನ ಇರುವಾಗಲೇ ಸಂಜೆ ಹೊತ್ತು ಓಣಿಯಲ್ಲಿ ಸದ್ದು ಶುರುವಾಗುತ್ತದೆ. ಹಲಗೆ ಬಾರಿಸುವವರನ್ನು ಹತ್ತಿರದಿಂದ ನೋಡಿದ್ದೀರಾ? ಮೂಲೆಯಲ್ಲಿ ಒಂದಿಷ್ಟು ಹುಲ್ಲು, ಕಾಗದ, ರಟ್ಟು ಹಾಕಿ ಬೆಂಕಿ ಹಚ್ಚುತ್ತಾರೆ. ಹಲಗೆಯ ಚರ್ಮದ ಮುಖವನ್ನು ಆ ಬೆಂಕಿಗೆ ಹಿಡಿದು, ತಿರುಗಿಸುತ್ತಾ ತಿರುಗಿಸುತ್ತಾ ಕಾಯಿಸುತ್ತಾರೆ. ಬೆರಳ ತುದಿಯಿಂದ ತಟ್ಟಿ ನೋಡುತ್ತಾರೆ. ದಬ್ ದಬ್ ಅನ್ನುತ್ತಿದ್ದರೆ ಇನ್ನೂ ಕಾಯಬೇಕು. ಟಣ್ ಅಂತ ಬಿಗಿ ಬಂದ ಮೇಲೆ ಎಡಗೈಗೆ ಸಣ್ಣ ಕಡ್ಡಿ, ಬಲಗೈಗೆ ಗಟ್ಟಿ ಕೋಲು. ಇಬ್ಬರು ಶುರು ಮಾಡಿದರೆ ಇನ್ನಿಬ್ಬರು ಸೇರುತ್ತಾರೆ, ಮುಂದಿನವನು ಕೈ ಬದಲಿಸಿದರೆ ಉಳಿದವರೆಲ್ಲ ಅದೇ ಕ್ಷಣಕ್ಕೆ ಬದಲಿಸಬೇಕು, ತಪ್ಪಿದವನಿಗೆ ಹಿರಿಯರ ಕಣ್ಣೇಟು ಬೀಳುತ್ತದೆ. ಸದ್ದು ಇಳಿಯಿತೋ ಮತ್ತೆ ಬೆಂಕಿ ಹತ್ತಿರ. ಏಳೆಂಟು ವರ್ಷದ ಹುಡುಗರೂ ಪಕ್ಕದಲ್ಲಿ ಸಣ್ಣ ಹಲಗೆ ಹಿಡಿದು ಕಲಿಯುತ್ತಿರುತ್ತಾರೆ. ಯಾವ ಕ್ಲಾಸೂ ಇಲ್ಲ, ಫೀಸೂ ಇಲ್ಲ, ಓಣಿಯೇ ಕಲಿಸುತ್ತದೆ.

ಈಗಲೂ ನಡೆಯುತ್ತಾ ಅಂತ ಕೇಳಿದಿರಿ. ಹೌದು, ಜೋರಾಗಿಯೇ ನಡೆಯುತ್ತದೆ. ಆದರೆ ಒಂದು ಕಡೆ ಪೆಟ್ಟು ಬಿದ್ದಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಪೇಟೆಯ ಅರ್ಧ ಮನೆಗಳು ನವನಗರಕ್ಕೆ ಹೋದವು. ಅಲ್ಲಿ ಸೈಟು ಹಂಚಿದಾಗ ಹಳಪೇಟೆಯವನ ಪಕ್ಕಕ್ಕೆ ಹಳಪೇಟೆಯವನೇ ಬರಬೇಕು ಅಂತ ಏನೂ ಇಲ್ಲವಲ್ಲ. ಮೂರು ತಲೆಮಾರು ಗೋಡೆಗೆ ಗೋಡೆ ಹಚ್ಚಿ ಬದುಕಿದವರು ಬೇರೆ ಬೇರೆ ಸೆಕ್ಟರಿಗೆ ಹೋದರು. ನನ್ನ ಮಟ್ಟಿಗೆ ಮುಳುಗಡೆಯ ದೊಡ್ಡ ನಷ್ಟ ಇದೇ. ಗೋಡೆಗೆ ಪರಿಹಾರ ಕೊಟ್ಟರು, ಬಾವಿಗೆ ಕೊಟ್ಟರು, ಗಿಡಕ್ಕೂ ಲೆಕ್ಕ ಹಾಕಿದರು. ನೆರೆಯವರಿಗೆ ಲೆಕ್ಕ ಹಾಕುವ ಕಾಲಂ ಯಾವ ಫಾರ್ಮಿನಲ್ಲೂ ಇರಲಿಲ್ಲ. ಅದಕ್ಕೇ ಹೋಳಿ ಬಂದರೆ ನವನಗರದ ಜನ ಗಾಡಿ ಹತ್ತಿ ಹಳೇ ಊರಿಗೆ ಬರುತ್ತಾರೆ. ಅಜ್ಜನ ಪೇಟೆ ಯಾವುದೋ ಆ ಪೇಟೆಯ ಬಂಡಿಯನ್ನೇ ಹತ್ತುತ್ತಾರೆ. ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಬನ್ನಿ. ಅವರದ್ದು ಯಾವ ಪೇಟೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಇಲ್ಲಿ ಎಲ್ಲರೂ ಅದನ್ನೇ ಕೇಳೋದು.

*

ಪ್ರಶ್ನೆ: ನಾನು ರೈತ. ಆಲಮಟ್ಟಿ ಎತ್ತರ 524 ಮೀಟರ್ ಮಾಡ್ತಾರೆ ಅಂತ ಎಷ್ಟು ವರ್ಷದಿಂದ ಕೇಳ್ತಾ ಇದ್ದೀವಿ. ಅದು ಖರೇನ ಆಗ್ತದೇನ್ರಿ? ಬಾಗಲಕೋಟೆ ಮತ್ತೆ ಮುಳುಗ್ತದಾ?
(ಬೀಳಗಿ ತಾಲ್ಲೂಕಿನ ಓದುಗರು)

ಉತ್ತರ: ಗೌಡ್ರ, ನಿಮ್ಮ ಪ್ರಶ್ನೆಗೆ ದಿನಾಂಕ ಹೇಳುವ ಉತ್ತರ ಯಾರ ಬಳಿಯೂ ಇಲ್ಲ. ಇಲ್ಲಿಯವರೆಗೆ ನಡೆದದ್ದನ್ನು ಹೇಳುತ್ತೇನೆ.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದ್ದು 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಯವರು. ಕೆಳಗೆ ನಾರಾಯಣಪುರ ಮೊದಲು ಮುಗಿಯಿತು, ಆಲಮಟ್ಟಿಗೆ ದಶಕಗಳೇ ಹಿಡಿದವು. ಎತ್ತರದ ಬಗ್ಗೆ ಆಂಧ್ರಪ್ರದೇಶದ ಜೊತೆ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 2000ದಲ್ಲಿ ಕೋರ್ಟು ಸಮುದ್ರ ಮಟ್ಟದಿಂದ 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಈಗ ಇರುವುದು ಅದೇ ಮಟ್ಟ, ಸುಮಾರು 123 ಟಿಎಂಸಿ. ಆಮೇಲೆ ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್‌ಗೆ ಏರಿಸಬಹುದು ಅಂತ ತೀರ್ಪು ಕೊಟ್ಟಿತು, 2013ರ ಅಂತಿಮ ವರದಿಯಲ್ಲೂ ಅದನ್ನೇ ಉಳಿಸಿತು. ಆದರೆ ಕೇಸು ಕೋರ್ಟಿನಲ್ಲಿ ಇರುವುದರಿಂದ ಕೇಂದ್ರದ ಗೆಜೆಟ್ ಅಧಿಸೂಚನೆ ಆಗದೆ ಕೂತಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಭೂಮಿಗೆ ದರ ಗೊತ್ತು ಮಾಡಿತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ. ಎತ್ತರ ಏರಿದರೆ 20 ಹಳ್ಳಿಗಳು, ಜೊತೆಗೆ ಬಾಗಲಕೋಟೆಯ 11 ವಾರ್ಡುಗಳು ಮುಳುಗಡೆ ಪಟ್ಟಿಯಲ್ಲಿವೆ.

ಸಂಖ್ಯೆ ಅಷ್ಟು. ಈಗ ನನ್ನ ಮನಸ್ಸಿನ ಮಾತು. ಈ ನೀರು ಬೇಡ ಅಂತ ನಾನು ಹೇಳಲಾರೆ. ಸುರಪುರ, ಶಹಾಪುರದ ಕಡೆ ಕಾಲುವೆ ನೀರಿನಿಂದ ಭತ್ತ ಬೆಳೆಯುವುದನ್ನು ಕಂಡಿದ್ದೇನೆ, ಮುಳವಾಡ ಏತ ನೀರಾವರಿಯಿಂದ ಬಸವನ ಬಾಗೇವಾಡಿ ಸೀಮೆಯ ಬರಡು ನೆಲ ಹಸಿರಾಗಿದೆ. ವಿಜಯಪುರ ಜಿಲ್ಲೆಯ ಜನ ಬರಗಾಲಕ್ಕೆ ಹೆದರಿ ಗುಳೆ ಹೋಗುತ್ತಿದ್ದದ್ದು ನಮಗೆ ಗೊತ್ತಿಲ್ವಾ? ಆದರೆ ಕೊಟ್ಟವರನ್ನು ಕಾಯಿಸುವುದಕ್ಕೂ ಒಂದು ಮಿತಿ ಬೇಕು. ಮುಳುಗಡೆ ಪಟ್ಟಿಯಲ್ಲಿರುವ ಮನೆಗೆ ಯಾರು ಸಾಲ ಕೊಡುತ್ತಾರೆ? ಯಾರು ಕೊಳ್ಳುತ್ತಾರೆ? ಮಳೆಗೆ ಸೋರುವ ಮಾಳಿಗೆಗೆ ಹೊಸ ಮಣ್ಣು ಹಾಕಿಸಲೋ ಬೇಡವೋ ಅಂತ ಮನೆಯವರು ವರ್ಷ ವರ್ಷ ಯೋಚನೆ ಮಾಡುತ್ತಾ ಕೂರುತ್ತಾರೆ. ಮಗನ ಮದುವೆ ಆದರೆ ಒಂದು ಕೋಣೆ ಹೆಚ್ಚು ಕಟ್ಟಿಸುವ ಧೈರ್ಯ ಬರೋದಿಲ್ಲ. ನೀರು ಬಂದು ಮುಳುಗಿಸುವುದು ಒಂದು ಕಷ್ಟ, ಬರುತ್ತದೆ ಬರುತ್ತದೆ ಅಂತ ಹೇಳಿ ನಿಲ್ಲಿಸಿ ಇಡುವುದು ಅದಕ್ಕಿಂತ ದೊಡ್ಡ ಕಷ್ಟ. ಏರಿಸುವುದಾದರೆ ಒಂದೇ ಸಲ ಹಣ ಕೊಟ್ಟು, ಓಣಿಯವರನ್ನು ಓಣಿಯವರ ಜೊತೆಯೇ ಕೂರಿಸಿ, ಆಮೇಲೆ ಗೇಟು ಏರಿಸಲಿ.

ನೀವು ಮಾಡಬೇಕಾದ್ದು: ಪಹಣಿ, ಮನೆಯ ಉತಾರ, ಬಾವಿ ಬೋರಿನ ಕಾಗದ, ಮರಗಳ ಲೆಕ್ಕ ಎಲ್ಲವನ್ನೂ ಈಗಲೇ ಸರಿ ಮಾಡಿಟ್ಟುಕೊಳ್ಳಿ. ಅಪ್ಪನ ಹೆಸರಲ್ಲೇ ಖಾತೆ ಇದ್ದರೆ ವಾರಸಾ ಮಾಡಿಸಿ. ಅಣ್ಣತಮ್ಮಂದಿರ ಪಾಲು ಬಾಯಿಮಾತಲ್ಲಿ ಇದ್ದರೆ ಕಾಗದಕ್ಕೆ ತನ್ನಿ. ಹಿಂದಿನ ಸಲ ಜನ ಜಾಸ್ತಿ ಅಲೆದದ್ದು ಇದಕ್ಕೇ.

*

ಪ್ರಶ್ನೆ: ಶಿವಮೊಗ್ಗದಿಂದ ಬಾದಾಮಿಗೆ ಬರ್ತಾ ಇದ್ದೀವಿ. ಬಾಗಲಕೋಟೆಗೆ ಒಂದು ದಿನ ಕೊಡಬಹುದು. ಏನು ನೋಡೋದು, ಏನು ತಿನ್ನೋದು?
(ಶಿವಮೊಗ್ಗದ ಓದುಗರು)

ಉತ್ತರ: ಬೆಳಿಗ್ಗೆ ಹಳೇ ಊರಿನ ಪೇಟೆ, ಬಿಸಿಲು ಏರುವ ಮೊದಲು. ಆಮೇಲೆ ಮುಚಖಂಡಿಯ ಕೆರೆ ಮತ್ತು ವೀರಭದ್ರ ದೇವರ ಗುಡಿ. ಕೆರೆ 1882ರಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ್ದು. ಸಂಜೆ ಬೀಳಗಿ ರಸ್ತೆಯ ಅನಗವಾಡಿ ಸೇತುವೆ ಕಡೆ ಹೋಗಿ, ಹಿನ್ನೀರು ತುಂಬಿದಾಗ ಆ ಕಡೆ ದಂಡೆ ದೂರ ಸರಿದಂತೆ ಕಾಣುತ್ತದೆ. ಚಳಿಗಾಲದಲ್ಲಿ ಬಂದರೆ ಹಿನ್ನೀರಿಗೆ ಇಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನು, ರಾಜಹಂಸಗಳನ್ನು ನೋಡಬಹುದು.

ಊಟಕ್ಕೆ ಖಾನಾವಳಿಗೆ ಹೋಗಿ. ಕಟಕ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಮೊಸರು ಕೊಲ್ಹಾರದ್ದು ಸಿಕ್ಕರೆ ಬಿಡಬೇಡಿ, ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು ಅದು. ಕೊಲ್ಹಾರವೂ ಮುಳುಗಡೆಗೆ ಸಿಕ್ಕಿ ಮೇಲೆ ಬಂದು ಕೂತ ಊರೇ, ಹೊಸ ಜಾಗಕ್ಕೆ ಬಂದರೂ ಮೊಸರಿನ ಹೆಸರು ಬಿಟ್ಟಿಲ್ಲ. ಕಲಾದಗಿ ದಾಳಿಂಬೆ, ಚಿಕ್ಕು ರಸ್ತೆ ಬದಿಯಲ್ಲೇ ಸಿಗುತ್ತವೆ. ಮನೆಗೆ ಒಯ್ಯಲು ಅಮೀನಗಡದ ಕರದಂಟು. ಇನ್ನರ್ಧ ದಿನ ಹೊಂದಿಸಲು ಆದರೆ ಕೂಡಲಸಂಗಮಕ್ಕೆ ಹೋಗಿ ಬನ್ನಿ. ಕೃಷ್ಣೆ ಮಲಪ್ರಭೆ ಸೇರುವ ಜಾಗ. ಹಿನ್ನೀರು ಏರಿದಾಗ ಬಸವಣ್ಣನವರ ಐಕ್ಯಮಂಟಪ ಮುಳುಗದಂತೆ ಸುತ್ತ ಎತ್ತರದ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗಬೇಕು, ಸುತ್ತ ನೀರು ನಿಂತಿರುತ್ತದೆ, ನೀವು ನೀರಿನ ಮಟ್ಟಕ್ಕಿಂತ ಕೆಳಗೆ ನಿಂತಿರುತ್ತೀರಿ.

*

ಪ್ರಶ್ನೆ: ನಾನು ನವನಗರದ ಶಾಲೆಯೊಂದರ ಶಿಕ್ಷಕಿ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ 'ನಮ್ಮ ಊರು' ಅಂತ ಪ್ರಾಜೆಕ್ಟ್ ಕೊಟ್ಟೆ. ಎಲ್ಲರೂ ಮೊಬೈಲಿನಿಂದ ಒಂದೇ ಪ್ಯಾರಾ ಬರೆದುಕೊಂಡು ಬಂದರು. ಏನು ಮಾಡಿಸಲಿ?
(ಬಾಗಲಕೋಟೆಯ ಶಿಕ್ಷಕಿ)

ಉತ್ತರ: ಟೀಚರ್, ಈ ಪತ್ರ ಓದಿ ನನಗೆ ನಿಜವಾಗಿ ಖುಷಿ ಆಯಿತು. ನಿಮ್ಮ ಕ್ಲಾಸಿನಲ್ಲಿ ಇರುವ ಮಕ್ಕಳು ಮುಳುಗಿದ ಮನೆಗಳನ್ನು ಕಂಡವರಲ್ಲ. ಆದರೆ ಅವರ ಅಜ್ಜ ಅಜ್ಜಿ ಆ ಮನೆಯಲ್ಲೇ ಬಾಳಿದವರು, ಇನ್ನೂ ಮನೆಯಲ್ಲಿದ್ದಾರೆ. ಈ ಅವಕಾಶ ಜಾಸ್ತಿ ದಿನ ಇರೋದಿಲ್ಲ.

ಪ್ಯಾರಾ ಬರೆಸಬೇಡಿ. ನಕ್ಷೆ ಬರೆಸಿ. ಪ್ರತಿ ಮಗುವೂ ಒಂದು ದೊಡ್ಡ ಹಾಳೆ ಹಿಡಿದು ಅಜ್ಜಿಯ ಮುಂದೆ ಕೂರಲಿ. ನಿಮ್ಮ ಮನೆ ಯಾವ ಪೇಟೆ? ಎಡಕ್ಕೆ ಯಾರ ಮನೆ, ಬಲಕ್ಕೆ ಯಾರ ಮನೆ? ಕುಡಿಯುವ ನೀರು ಎಲ್ಲಿಂದ? ಹಿಟ್ಟಿನ ಗಿರಣಿ ಎಲ್ಲಿತ್ತು? ಹೊಳೆಗೆ ಬಟ್ಟೆ ಒಗೆಯಲು ಯಾವ ದಾರಿ ಹಿಡಿಯುತ್ತಿದ್ದಿರಿ? ಕಾಮಣ್ಣನನ್ನು ಸುಡುತ್ತಿದ್ದದ್ದು ಯಾವ ಕಟ್ಟೆ ಮುಂದೆ? ಒಂದೊಂದೇ ಕೇಳಿ ಬರೆಯುತ್ತಾ ಹೋಗಲಿ. ಅಜ್ಜಿಗೆ ಬೀದಿಯ ಅಳತೆ ನೆನಪಿರೋದಿಲ್ಲ, ಆದರೆ ಯಾರ ಮನೆ ದಾಟಿದ ಮೇಲೆ ಯಾರ ಮನೆ ಅನ್ನುವುದು ಚಾಚೂ ತಪ್ಪದೆ ಬರುತ್ತದೆ. ಮನೆಯ ಒಳಗನ್ನೂ ಬರೆಸಿ: ಪಡಸಾಲೆ, ದೇವರ ಕೋಣೆ, ಜೋಳ ತುಂಬಿಡುವ ಹಗೇವು. ಎಷ್ಟೋ ಜನ ಹಳೇ ಮನೆ ಬಿಡುವಾಗ ಬಾಗಿಲ ಚೌಕಟ್ಟು, ತೊಲೆಗಳನ್ನು ಕಿತ್ತು ತಂದು ನವನಗರದ ಮನೆಗೆ ಕೂರಿಸಿದರು. ಯಾವ ಮಗುವಿನ ಮನೆಯಲ್ಲಿ ಅಂಥ ಬಾಗಿಲು ಇದೆಯೋ ಅದರ ಫೋಟೋ ತೆಗೆಸಿ, ಕೆತ್ತನೆ ಏನಿದೆ ಅಂತ ಬರೆಸಿ.

ಎಲ್ಲ ಹಾಳೆ ಬಂದ ಮೇಲೆ ಒಂದೇ ಪೇಟೆಯವರ ಹಾಳೆಗಳನ್ನು ನೆಲದ ಮೇಲೆ ಪಕ್ಕ ಪಕ್ಕ ಇಡಿ. ಒಬ್ಬಳ ಎಡಗಡೆ ಮನೆ ಇನ್ನೊಬ್ಬನ ಬಲಗಡೆ ಮನೆ ಆಗುತ್ತದೆ. ಹೊಂದದೇ ಇದ್ದರೆ ಎರಡೂ ಮನೆಯ ಹಿರಿಯರನ್ನು ಶಾಲೆಗೆ ಕರೆಸಿ, ಅವರೇ ಕೂತು ತೀರ್ಮಾನ ಮಾಡಲಿ. ಬೇರೆ ಬೇರೆ ಸೆಕ್ಟರಿಗೆ ಹೋಗಿ ವರ್ಷಗಟ್ಟಲೆ ಮಾತಾಡದ ಇಬ್ಬರು ನೆರೆಯವರು ಆ ನೆಪಕ್ಕೆ ಸೇರಿದರೆ ಅದೂ ಒಳ್ಳೇದೇ. ಹೆಸರು, ಪೇಟೆ, ಮನೆ ಬಿಟ್ಟ ವರ್ಷ, ಈಗಿನ ಸೆಕ್ಟರ್, ಇಷ್ಟನ್ನು ಪ್ರತಿ ಹಾಳೆಯ ಹಿಂದೆ ಬರೆಸಿಟ್ಟುಕೊಳ್ಳಿ, ಆಮೇಲೆ ಹುಡುಕುವವರಿಗೆ ಸಿಗುತ್ತದೆ.

ಮೊದಲು ಹೊಳೆಗೆ ಹತ್ತಿರ ಇದ್ದ ಓಣಿಗಳಿಂದ ಶುರು ಮಾಡಿ, ಅಲ್ಲಿಂದ ಬಂದವರಿಗೆ ವಯಸ್ಸು ಜಾಸ್ತಿ ಆಗಿದೆ. ಮುಗಿದ ಮೇಲೆ ಆ ದೊಡ್ಡ ನಕ್ಷೆಯ ಫೋಟೋ ನಮಗೆ ಕಳಿಸಿ. ನಡುಪುಟ ಪೂರ್ತಿ ಬಿಡಿಸಿ ಹಾಕುತ್ತೇವೆ, ಮಕ್ಕಳ ಕೈಬರಹದಲ್ಲೇ.